ಹಳೆಯ ಟ್ರ್ಯಾಕ್ಟರಿನ ಎಂಜಿನ್ ‘ಸೀಜ್ ಆಗಿದೆ’: ಕನ್ನಡದಲ್ಲಿ ಏನನ್ನಬೇಕು?

ಮಾನ್ಯರೇ,

ಹಳೆಯ ಟ್ರ್ಯಾಕ್ಟರೊಂದನ್ನು ಕೊಂಡು ಮೊದಲ ಬಾರಿಗೆ ಅದನ್ನು ಮೂಲರೂಪಕ್ಕೆ ತರಬಯಸುವವರಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಯಾವ ಗಾಡಿಯನ್ನು ಆರಿಸಬೇಕೆಂಬ ಅಧ್ಯಾಯದಲ್ಲಿ ‘ಸೀಜ್’ ಎಂಬ ಪದ ತೊಡಕಾಗಿದೆ.

ಗ್ಯಾರೇಜುಗಳಲ್ಲಿ ಎಂಜಿನ್ ತಿರುಗದಿದ್ದರೆ ‘ಸೀಜ್ ಆಗಿದೆ’ ಅಥವಾ ‘ಜಾಮ್ ಆಗಿದೆ’ ಎನ್ನುತ್ತಾರೆ. ಆದರೆ ತಿರುಗದಿರುವುದಕ್ಕೆ ಮುಖ್ಯ ಕಾರಣ ಎರಡು. ವರ್ಷಗಟ್ಟಲೆ ಬಯಲಲ್ಲಿ ನಿಂತ ಗಾಡಿಯಲ್ಲಿ ಮಳೆನೀರು ಸೈಲೆನ್ಸರಿನಿಂದ ಇಳಿದು, ತೆರೆದೇ ಉಳಿದ ವಾಲ್ವಿನ ಮೂಲಕ ಸಿಲಿಂಡರನ್ನು ಸೇರಿ, ಪಿಸ್ಟನ್ನಿನ ರಿಂಗುಗಳು ತುಕ್ಕಿನಿಂದ ಲೈನರಿಗೆ (ಸಿಲಿಂಡರಿನ ಒಳಗೋಡೆಗೆ) ಅಂಟಿಕೊಳ್ಳುತ್ತವೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ಲಿನ ಮಿಶ್ರಣ ಸುರಿದು, ಕೆಲವು ದಿನ ಬಿಟ್ಟು, ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದರೆ ಇಂಥದ್ದು ಹಲವು ಬಾರಿ ಬಿಟ್ಟುಕೊಳ್ಳುತ್ತದೆ. ಬೇರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರೆ ಮಾತ್ರ ರಿಂಗು ಮುರಿಯಬಹುದು, ಪಿಸ್ಟನ್ನನ್ನು ಕ್ರ್ಯಾಂಕಿಗೆ (ಎಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಬಹುದು. ಇನ್ನೊಂದು ಸ್ಥಿತಿಯಲ್ಲಿ, ನೀರೋ ಆಯಿಲ್ಲೋ ಖಾಲಿಯಾದ ಎಂಜಿನ್ ವಿಪರೀತ ಕಾದು, ಪಿಸ್ಟನ್ನಿನ ಅಲ್ಯೂಮಿನಿಯಂ ಲೈನರಿಗೆ ಮೆತ್ತಿಕೊಂಡು, ಬೇರಿಂಗ್ ಸುಟ್ಟು, ಕ್ರ್ಯಾಂಕಿಗೂ ಗಾಯವಾಗಿರುತ್ತದೆ. ಹೊಸ ಪಿಸ್ಟನ್ ಸೆಟ್, ಕ್ರ್ಯಾಂಕ್ ಗ್ರೈಂಡಿಂಗ್ ಎಂದು ಖರ್ಚು ಬೆಳೆಯುತ್ತದೆ. ಬಿಡಿಭಾಗ ಸುಲಭವಾಗಿ ಸಿಗುವ ಮ್ಯಾಸಿ ಫರ್ಗುಸನ್ 1035 ಆಗಿದ್ದರೆ ಮೊದಲನೆಯ ಸ್ಥಿತಿಯದನ್ನು ಹೊಸಬರು ಧೈರ್ಯವಾಗಿ ಕೊಳ್ಳಬಹುದು. ಎರಡನೆಯದನ್ನು, ಅದೆಷ್ಟೇ ಅಗ್ಗವಾಗಿದ್ದರೂ, ಮೊದಲ ಪ್ರಯತ್ನಕ್ಕೆ ಆರಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಲದ ಕಂತು ಕಟ್ಟದ್ದಕ್ಕೆ ಫೈನಾನ್ಸಿನವರು ಎಳೆದೊಯ್ದ ಗಾಡಿಯನ್ನೂ ‘ಸೀಜ್ ಆದ ಗಾಡಿ’ ಎನ್ನುತ್ತೇವೆ. ಅದಕ್ಕೆ ‘ಜಪ್ತಿ’ ಎಂಬ ಪದ ಸಾಕು. ಆರ್‌ಸಿಯಲ್ಲಿ ಸಾಲದ ನಮೂದು ಉಳಿದಿದೆಯೇ ಎಂದು ಕೊಳ್ಳುವವರು ನೋಡಿಕೊಳ್ಳುವಂತೆ ಕೈಪಿಡಿಯಲ್ಲಿ ಒಂದು ಮಾತು ಸೇರಿಸಿದ್ದೇನೆ.

ಎಂಜಿನ್ನಿನ ಎರಡು ಸ್ಥಿತಿಗಳಿಗೆ ‘ನಿಂತು ಹಿಡಿದ ಎಂಜಿನ್’ ಮತ್ತು ‘ಕಾದು ಹಿಡಿದ ಎಂಜಿನ್’ ಎಂದು ಬರೆಯಬಹುದೇ? ಸೊಂಟ ಹಿಡಿಯಿತು, ಕತ್ತು ಹಿಡಿಯಿತು ಎನ್ನುವಾಗ ಚಲನೆ ನಿಂತ ಅರ್ಥವೇ ಇರುವುದರಿಂದ ‘ಹಿಡಿ’ ಧಾತು ಇಲ್ಲಿ ಸಹಜವಾಗಿ ಹೊಂದುತ್ತದೆ ಎನಿಸುತ್ತದೆ. ಮಾರುವವರನ್ನು ‘ಓಡುತ್ತಿದ್ದಾಗ ಹಿಡಿಯಿತೋ, ನಿಲ್ಲಿಸಿಟ್ಟ ಮೇಲೆ ಹಿಡಿಯಿತೋ’ ಎಂದು ಕೇಳುವುದಕ್ಕೂ ಅನುಕೂಲ. ‘ಕಚ್ಚಿಕೊಂಡ’ ಎಂಬುದನ್ನೂ ಯೋಚಿಸಿದ್ದೆ. ಆದರೆ ಅದು ತುಕ್ಕು ಹಿಡಿದ ನಟ್ಟು, ಬೋಲ್ಟುಗಳಿಗೇ ಹೆಚ್ಚು ಒಪ್ಪುವಂತಿದೆ.

ನಿಮ್ಮ ಭಾಗದ ಮೆಕ್ಯಾನಿಕ್‌ಗಳು ಈ ಎರಡನ್ನು ಬೇರೆ ಬೇರೆ ಮಾತಿನಿಂದ ಗುರುತಿಸುತ್ತಿದ್ದರೆ, ಆ ಮಾತನ್ನು ಊರಿನ ಹೆಸರಿನೊಂದಿಗೆ ದಯವಿಟ್ಟು ತಿಳಿಸಿ.