ಅಪ್‌ಡೇಟ್: ಅಜ್ಜನ ದನದ ಕೊಟ್ಟಿಗೆ ಸೋರುವುದು ನಿಂತಿತು

ಇಂಡಿ ಕಡೆಯ ನಮ್ಮೂರಲ್ಲಿ ಅಜ್ಜ ಕಟ್ಟಿಸಿದ ಕೊಟ್ಟಿಗೆಯ ಮಣ್ಣಿನ ಮಾಳಿಗೆ ಸೋರುತ್ತಿದೆ, ಕೆಡವದೆ ಉಳಿಸುವುದು ಹೇಗೆ ಅಂತ ಹದಿನೈದು ದಿನದ ಹಿಂದೆ ಕೇಳಿದ್ದೆ. ಉಳಿಯಿತು ನೋಡ್ರಿ!

ತಾಡಪತ್ರಿ ಎರಡೇ ದಿನಕ್ಕೆ ಗಾಳಿಗೆ ಹರಿಯಿತು. ಒಂದು ಮೂಲೆಗೆ ಸಿಮೆಂಟ್ ಹಚ್ಚಿದ್ದೆವು. ಅದು ಬಿರುಕು ಬಿಟ್ಟು ಅಲ್ಲೇ ಜಾಸ್ತಿ ಸೋರಿತು. ಕೈ ಹಿಡಿದದ್ದು ನನ್ನ ಪ್ರಶ್ನೆಗೆ ಉತ್ತರ ಕೊಟ್ಟ ತಾಳಿಕೋಟೆಯ ಅಕ್ಕ ಹೇಳಿದ ಸವಳು ಮಣ್ಣು, ಅಂದ್ರೆ ಉಪ್ಪು-ಕ್ಷಾರ ಸೇರಿದ ಮಣ್ಣು. ಬೆಳೆ ಬಾರದೆ ಬಿಟ್ಟಿದ್ದ ನಮ್ಮ ಹೊಲದ ಮೂಲೆಯಲ್ಲೇ ಸಿಕ್ಕಿತು! ಮಾಳಿಗೆ ಮೇಲಿನ ಹುಲ್ಲು ಕಿತ್ತು, ನಾಲ್ಕು ಬೆರಳು ದಪ್ಪ ಹರವಿ, ನೀರು ಚಿಮುಕಿಸಿ ಬಡಿದೆವು. ನೀರು ಹೋಗುವ ಕಡೆಗೆ ಇಳಿಜಾರು ಮಾಡಿದೆವು. ಈ ಮಣ್ಣು ನೆನೆದಾಗ ಸಣ್ಣ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಇದು ನನಗೆ ಗೊತ್ತೇ ಇರಲಿಲ್ಲ.

ಗ್ವಾದಲಿ (ದನಕ್ಕೆ ಮೇವು ಹಾಕುವ ಜಾಗ) ಸ್ವಚ್ಛ ಮಾಡುವಾಗ ಬೇವಿನ ಕಂಬದಲ್ಲಿ ಒಂದು ತಗ್ಗು ಕಂಡಿತು. ಖಿಲಾರಿ ಎತ್ತುಗಳ ಹಗ್ಗ ಉಜ್ಜಿ ಉಜ್ಜಿ ಸವೆದದ್ದು. ಬೆರಳಿಟ್ಟರೆ ಗಾಜಿನಷ್ಟು ನುಣುಪು. ಸಣ್ಣವನಿದ್ದಾಗ ಅದೇ ಕಂಬಕ್ಕೆ ಒರಗಿ, ಎತ್ತುಗಳು ಕಣಿಕಿ ಮೆಲ್ಲುವ ಸಪ್ಪಳ ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಅಜ್ಜ ಎತ್ತಿಕೊಂಡು ಒಳಗೆ ಮಲಗಿಸುತ್ತಿದ್ದ.

ಮೊನ್ನೆ ರಾತ್ರಿ ಜೋರು ಮಳೆ. ಅವ್ವ ಬ್ಯಾಟರಿ ಹಿಡಿದು ಮೂಲೆ ಮೂಲೆ ನೋಡಿ ಬಂದಳು. ಒಂದು ಹನಿಯೂ ಇಲ್ಲ. ಅಕ್ಕಾ, ನಿಮಗೆ ತುಂಬಾ ಉಪಕಾರವಾಯ್ತು.