ಥಂಡರ್‌ಬೋಲ್ಟ್ಸ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಹಳೇ ವಿಲನ್‌ಗಳೆಲ್ಲ ಸುಧಾರಿಸಿ ಮತ್ತೆ ತಂಡ ಕಟ್ಟುತ್ತಾರಲ್ಲ, ಆ ಮಾರ್ವೆಲ್ ಕಾಮಿಕ್ಸ್ ಓದಬೇಕು. 2016ರ ಸರಣಿಯ ಮೊದಲ ಸಂಚಿಕೆ ಅರ್ಧಕ್ಕೇ ಬಿಟ್ಟೆ. ಯಾರು ಯಾರೆಂದೇ ತಿಳಿಯಲಿಲ್ಲ.

ಉತ್ತರ 1: 1997ರದ್ದೇ ಹಿಡಿಯಿರಿ. ಕರ್ಟ್ ಬ್ಯುಸಿಕ್ ಕಥೆ, ಮಾರ್ಕ್ ಬ್ಯಾಗ್ಲಿ ಚಿತ್ರ. ಮೊದಲ ಸಂಚಿಕೆಯ ಕೊನೇ ಪುಟ ಮಾತ್ರ ಮುಂಚೆಯೇ ತಿರುಗಿಸಬೇಡಿ. ನಾನು ಸುಮ್ನೆ ತಿರುಗಿಸಿ ಕೆಟ್ಟೆ!

ಉತ್ತರ 2: ನನಗೆ ಆ ತಂಡದ ಸಾಂಗ್‌ಬರ್ಡ್ ಅಂದರೆ ಜಾಸ್ತಿ ಇಷ್ಟ. ಮೊದಲು ಸ್ಕ್ರೀಮಿಂಗ್ ಮಿಮಿ ಅನ್ನೋ ಹೆಸರಲ್ಲಿ ಕಿರುಚಿ ಜನರನ್ನು ಕೆಡವುತ್ತಿದ್ದವಳು. ಈಗ ದನಿಯಿಂದಲೇ ಗುಲಾಬಿ ರೆಕ್ಕೆ ಮಾಡಿಕೊಂಡು ಹಾರುತ್ತಾಳೆ. ಆದರೆ ಆ ಹಳೇ ವಿಲನ್ ಝೀಮೋ ಬದಲಾದ ಅಂದ್ರೆ ನಾನಂತೂ ನಂಬಲ್ಲ.

ಪ್ರಶ್ನೆ ಕೇಳಿದವರು: ಅಯ್ಯೋ, ಝೀಮೋನೂ ಇದ್ದಾನಾ? ಕೊನೇ ಪುಟದಲ್ಲಿರೋದು ಇದೇ ಅಲ್ವಾ?

ಉತ್ತರ 2: ...ಕ್ಷಮಿಸಿ.