ಬಣ್ಣದ ಹಕ್ಕಿ ನಾಣ್ಯಕ್ಕೆ ಕಂದು ಚುಕ್ಕೆ, ತೊಳೆಯಬಹುದೇ?

ಕಾಳಿತೀರ (ಕಾರವಾರ):
ಕೆನಡಾ ಟಂಕಸಾಲೆಯ 2007ರ 25 ಸೆಂಟ್ ನಾಣ್ಯ, ಹಮ್ಮಿಂಗ್‌ಬರ್ಡ್ ಇರುವುದು. ಅಂಚಿನಲ್ಲಿ ಸಣ್ಣ ಕಂದು ಚುಕ್ಕೆಗಳು ಎದ್ದಿವೆ. ಅಯಸ್ಕಾಂತಕ್ಕೂ ಅಂಟುತ್ತದೆ. ನಕಲಿಯೇ? ಹುಣಸೆಹಣ್ಣು ಅಥವಾ ಅಸಿಟೋನ್ ಹಚ್ಚಬಹುದೇ? ಸದ್ಯ ಮೆತ್ತನೆಯ ಪ್ಲಾಸ್ಟಿಕ್ ಆಲ್ಬಮ್‌ನಲ್ಲಿದೆ.

ಅಘನಾಶಿನಿ:
ಅಂಟಲೇಬೇಕು, ಅದು ನಿಕ್ಕಲ್ ಲೇಪದ ಉಕ್ಕು. ಅಗಲ 35 ಮಿ.ಮೀ. ಇದ್ದರೆ ಅಳತೆಯೂ ಸರಿ; ಅಲ್ಲಿನ ಚಲಾವಣೆಯ 25 ಸೆಂಟ್ 23.88 ಮಿ.ಮೀ. ಅಷ್ಟೇ. ಲೇಪದಲ್ಲಿ ಕಣ್ಣಿಗೆ ಕಾಣದ ತೂತಿದ್ದರೂ ಸಾಕು, ಉಪ್ಪುಗಾಳಿಯ ತೇವ ಇಳಿದು ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ಬೆರಳಿನ ಬೆವರೂ ಉಪ್ಪೇ. ಎಲ್ಲರೂ ಅಂಚನ್ನೇ ಹಿಡಿಯುವುದರಿಂದ ಚುಕ್ಕೆ ಮೊದಲು ಅಲ್ಲೇ ಏಳುತ್ತದೆ; ಕೈಗವಸು ಹಾಕಿ.

ಹುಣಸೆಹಣ್ಣು ಹಿತ್ತಾಳೆ ದೀಪಕ್ಕಿರಲಿ. ಅಸಿಟೋನ್ ಬಣ್ಣವಿಲ್ಲದ ನಾಣ್ಯಕ್ಕೆ ಸರಿ, ಇಲ್ಲಿ ಹಕ್ಕಿಯೇ ಕರಗೀತು. ಎದ್ದ ತುಕ್ಕು ಹೋಗುವುದಿಲ್ಲ. ಉಜ್ಜಿದರೆ ಲೇಪ ಇನ್ನಷ್ಟು ಸವೆದು ತುಕ್ಕು ಹರಡುತ್ತದೆ. ತೇವ ತಪ್ಪಿಸುವುದೊಂದೇ ದಾರಿ.

ಅಡಕೆತೋಟ (ಶಿರಸಿ):
ಮೊದಲು ಆ ಆಲ್ಬಮ್‌ನಿಂದ ತೆಗೆಯಿರಿ. ಮೆತ್ತನೆಯದು ಬಹುತೇಕ ಪಿವಿಸಿ. ವರ್ಷ ಕಳೆದಂತೆ ಜಿಗುಟು ಬಿಟ್ಟು ಲೋಹವನ್ನೂ ಬಣ್ಣವನ್ನೂ ಕೆಡಿಸುತ್ತದೆ. 35 ಮಿ.ಮೀ. ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ಕೇಳಿ ತನ್ನಿ. ನಾಣ್ಯವನ್ನೂ ತೆರೆದ ಕ್ಯಾಪ್ಸೂಲನ್ನೂ ಎರಡು ದಿನ ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟು, ಆಮೇಲೆ ಕೂಡಿಸಿ. ಮಳೆಗಾಲದಲ್ಲಿ ನೇರ ಮುಚ್ಚಿದರೆ ತೇವವನ್ನೇ ಒಳಗಿಟ್ಟ ಹಾಗೆ.

ಕ್ಯಾಪ್ಸೂಲ್ ಗಾಳಿಬಿಗಿಯಲ್ಲ. ಅದಕ್ಕೇ ರಬ್ಬರ್ ಅಂಚಿನ ಎರಡು ಲೀಟರ್ ಡಬ್ಬಿಗೆ 50 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಾಕಿ. ತೇವ ಹೀರಿ ಹಸಿರಾದರೆ ಅಡುಗೆಗೆ ಬಳಸದ ತಟ್ಟೆಯಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನುಸಿಗುಳಿಗೆ ಬೇಡವೇ ಬೇಡ, ಅದರ ಆವಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಮರದ ಪೆಟ್ಟಿಗೆಯ ಆಮ್ಲವೂ ಲೋಹಕ್ಕೆ ಶತ್ರು. ಬಿಸಿಲಿಗೆ ಬಣ್ಣ ಮಾಸುತ್ತದೆ, ಷೋಕೇಸ್ ಆಸೆ ಬಿಡಿ.

ಕಾಳಿತೀರ:
ಆಯಿತು. ಮಂಗಟ್ಟೆ ಹಕ್ಕಿಯ ಬಣ್ಣದ ನಮ್ಮ 10 ರೂಪಾಯಿ ನಾಣ್ಯವೂ ಮಾರಾಟಕ್ಕಿದೆ, ಕೊಳ್ಳಲೇ?

ಅಘನಾಶಿನಿ:
ನಮ್ಮ ಚಲಾವಣೆಯ 10 ರೂಪಾಯಿ ಬಣ್ಣ ಹಚ್ಚಿಕೊಂಡು ಟಂಕಸಾಲೆಯಿಂದ ಬರುವುದಿಲ್ಲ. ಅದು ಆಮೇಲೆ ಯಾರೋ ಅಂಟಿಸಿದ್ದು ಅಥವಾ ಬಳಿದದ್ದು. 10 ಪಟ್ಟು ಭೂತಗನ್ನಡಿಯಲ್ಲಿ ನೋಡಿ: ಸ್ಟಿಕ್ಕರ್ ಆದರೆ ಅಂಚು ಎದ್ದು ಕಾಣುತ್ತದೆ, ಅಕ್ಷರಗಳ ಮೇಲೂ ಹಾಯ್ದಿರುತ್ತದೆ. ಹಕ್ಕಿ ಚೆಂದ ಎಂದು ಹತ್ತಿಪ್ಪತ್ತು ರೂಪಾಯಿ ಕೊಡಬಹುದು, ಸಂಗ್ರಹದ ಬೆಲೆ ಕೊಡಬೇಡಿ.